ಮಗ್ಗದ ಮೇಲಿನ ಕಾಲೇಜು ಮತ್ತು ನನ್ನ ಕಿವಿ

ಮನುಷ್ಯನ ಅಂಗಗಳಲ್ಲಿ ಕಿವಿಯಷ್ಟು ಮಾನ ಕಳೆಯುವಂಥದ್ದು ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಕಣ್ಣು ಮಂದವಾದರೆ ಕನ್ನಡಕ ಬರುತ್ತದೆ, ಕನ್ನಡಕದ ಜೊತೆಗೆ ಒಂದಿಷ್ಟು ವಿದ್ವಾಂಸನ ಕಳೆಯೂ ಬರುತ್ತದೆ. ಹಲ್ಲು ಬಿದ್ದರೆ ಹೊಸ ಸಾಲನ್ನೇ ಕಟ್ಟಿಸಿಕೊಂಡು ಮೊದಲಿಗಿಂತ ಚೆಂದ ನಗಬಹುದು. ಕಿವಿ ಕೈಕೊಟ್ಟರೆ ಮಾತ್ರ ನಿಮ್ಮ ಬುದ್ಧಿಯೇ ಕೈಕೊಟ್ಟಿತೆಂದು ಜನ ತಿಳಿಯುತ್ತಾರೆ. ಐವತ್ತೆಂಟು ತುಂಬುವ ಹೊತ್ತಿಗೆ ನನ್ನ ಕಿವಿಗಳೆರಡೂ ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದವು. ಈ ಸಂಗತಿ ನನ್ನ ಹೆಂಡತಿ ಸುಮತಿಗೆ ಗೊತ್ತಿತ್ತು. ಆದರೆ ಅವಳು ಅದನ್ನು ಕಿವುಡು ಎನ್ನುತ್ತಿರಲಿಲ್ಲ, ಉಡಾಫೆ ಎನ್ನುತ್ತಿದ್ದಳು. ಅಡುಗೆಮನೆಯ ಗೋಡೆಗೆ ಮುಖ ಮಾಡಿ ಆಕೆ ಏನೋ ಹೇಳುತ್ತಿದ್ದಳು, ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ. ಹೀಗೆ ಹೂಂ ಎಂದೇ ಒಮ್ಮೆ ಆಕೆಯ ಸೋದರತ್ತೆಯನ್ನು ಎರಡು ತಿಂಗಳು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದೆನಂತೆ. ಅವರು ಟ್ರಂಕಿನ ಸಮೇತ ಟಾಂಗಾದಿಂದ ಇಳಿದಾಗಲೇ ನನಗೆ ಅದು ತಿಳಿದದ್ದು.

ನಾನು ಭೌತಶಾಸ್ತ್ರದ ಮೇಷ್ಟ್ರು. ಸರಕಾರಿ ಕಾಲೇಜಿನಿಂದ ಬಿಡುಗಡೆಯಾಗಿ ಜಮಖಂಡಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಬನಹಟ್ಟಿಯ ನೂಲಿನ ವ್ಯಾಪಾರಿ ಸಂಗಪ್ಪಣ್ಣ ಹುಡುಕಿಕೊಂಡು ಬಂದರು. ಅವರದು ಒಂದು ವಿಚಿತ್ರ ಹಟ. ಎಂಟನೆಯ ತರಗತಿ ಮುಗಿಸಿದ ಬಲು ಜಾಣ ಮಕ್ಕಳನ್ನು ಸುತ್ತಲಿನ ಊರುಗಳಿಂದ ಆರಿಸಿ ತಂದು, ಹೈಸ್ಕೂಲಿನ ವಯಸ್ಸಿನಲ್ಲೇ ಅವರಿಗೆ ಕಾಲೇಜಿನ ಪಾಠ ಹೇಳಿಸಬೇಕು ಎಂದು. ತಾವು ಏಳನೆಯ ತರಗತಿಗೆ ಸಾಲೆ ಬಿಟ್ಟು ಮಗ್ಗಕ್ಕೆ ಕೂತವರು, ಅದರ ನೋವು ಅವರಲ್ಲಿ ಹಾಗೇ ಉಳಿದಿತ್ತು. ಒಟ್ಟು ಇಪ್ಪತ್ತೆರಡು ಮಕ್ಕಳು. ಬನಹಟ್ಟಿ, ರಬಕವಿಯ ನೇಕಾರರ ಮನೆಯವರೇ ಹೆಚ್ಚು, ಉಳಿದವರು ಮುಧೋಳ, ಬೀಳಗಿ, ಮಹಾಲಿಂಗಪುರದ ಕಡೆಯವರು. ಊರಿನವರು ಇದನ್ನು ಸಣ್ಣ ಕಾಲೇಜು ಎಂದು ಕರೆಯುತ್ತಿದ್ದರು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ನಾನು ಬಿ.ಎಸ್ಸಿ.ಯಲ್ಲಿ ಓದಿದ ಲೆಕ್ಕವನ್ನು ಶೇಂಗಾ ತಿನ್ನುತ್ತ ಬಿಡಿಸುವುದನ್ನು ಕಂಡ ಮೇಲೆ, ಸಣ್ಣವರು ಯಾರು ಎಂಬ ಬಗ್ಗೆ ನನಗೆ ಸಂಶಯ ಹುಟ್ಟಿತು.

ಕಾಲೇಜು ಇದ್ದದ್ದು ಸಂಗಪ್ಪಣ್ಣನವರದೇ ವಿದ್ಯುತ್ ಮಗ್ಗಗಳ ಶೆಡ್ಡಿನ ಮೇಲಂತಸ್ತಿನಲ್ಲಿ. ಕೆಳಗೆ ಮಗ್ಗಗಳು ಖಟಖಟ ಬಡಿದುಕೊಳ್ಳುತ್ತಿದ್ದರೆ ಮೇಲೆ ನಮ್ಮ ಬೆಂಚುಗಳೂ ಸಣ್ಣಗೆ ನಡುಗುತ್ತಿದ್ದವು. ಉಳಿದ ಮೇಷ್ಟ್ರುಗಳು ತಲೆ ಹಿಡಿದುಕೊಳ್ಳುತ್ತಿದ್ದರು. ನನಗೋ ಸ್ವರ್ಗ ಸಿಕ್ಕಂತಾಗಿತ್ತು. ಅಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲವಾದ್ದರಿಂದ ನಾನು ಎಲ್ಲರಿಗೂ ಸರಿಸಮನಾಗಿದ್ದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ಮಗ್ಗದ ಗದ್ದಲದಲ್ಲಿ ಬೆಳೆದ ಮಂದಿ ದನಿಯನ್ನು ನಂಬುವುದಿಲ್ಲ. ಬಾಯಿ ಅಗಲಿಸಿ, ತುಟಿ ತಿರುವಿ, ಒಂದು ಕೈಯ ಸನ್ನೆ ಸೇರಿಸಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಮಾತಾಡುತ್ತಾರೆ. ಆ ಶೇಂಗಾ ಹುಡುಗಿಯ ಹೆಸರು ಸವಿತಾ, ಅವಳ ತಾಯಿ ಕೆಳಗೆ ಮಗ್ಗ ನಡೆಸುತ್ತಿದ್ದರು. ಅವರು ಕೆಳಗಿನ ಅಂಗಳದಿಂದ ಬರಿ ತುಟಿ ಆಡಿಸಿದರೆ, ಕಿಟಕಿಯಲ್ಲಿ ನಿಂತ ಇವಳಿಗೆ ಬುತ್ತಿಯಲ್ಲಿ ಯಾವ ಪಲ್ಯ ಇದೆ ಎಂಬುದೂ ತಿಳಿಯುತ್ತಿತ್ತು. ತರಗತಿಯಲ್ಲೂ ಮಕ್ಕಳು ಪ್ರಶ್ನೆ ಕೇಳುತ್ತಿದ್ದದ್ದು ಹೀಗೆಯೇ. ಎರಡು ವರ್ಷದಲ್ಲಿ ನಾನು ತುಟಿ ಓದುವುದರಲ್ಲಿ ಎಷ್ಟು ಪಳಗಿದೆನೆಂದರೆ, ಧ್ವನಿಯ ಪಾಠವನ್ನು ಒಂದಕ್ಷರವೂ ಕೇಳಿಸಿಕೊಳ್ಳದೆ ಮುಗಿಸಿದೆ. ಕರೆಂಟು ಹೋಗಿ ಮಗ್ಗ ನಿಂತು ಮಕ್ಕಳು ಸಾದಾ ಮಾತಿಗೆ ಇಳಿದಾಗಷ್ಟೇ ಕಷ್ಟ. ಅದಕ್ಕೂ ಉಪಾಯ ಮಾಡಿದ್ದೆ. ಕರೆಂಟು ಹೋಯಿತೋ, ತಕ್ಷಣ ಲಿಖಿತ ಪರೀಕ್ಷೆ. ಪಾಪ, ಲೋಡ್ ಶೆಡ್ಡಿಂಗಿನ ವೇಳಾಪಟ್ಟಿ ನೋಡಿಕೊಂಡು ಓದಿ ಬರುತ್ತಿದ್ದ ಮಕ್ಕಳು ಬಹುಶಃ ಭೂಮಿಯ ಮೇಲೆ ಅವರಷ್ಟೇ.

ಇಂಥ ಸುಖದಲ್ಲಿದ್ದಾಗ ಸಂಗಪ್ಪಣ್ಣ ಒಂದು ದಿನ ಸಂಭ್ರಮದಿಂದ ಬಂದು, ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಹೊಲಗಳ ನಡುವೆ ಹೊಸ ಕಟ್ಟಡ ಆಗಿದೆ, ಅಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೊಬ್ಬನೇ ಎದ್ದು ನಿಂತು ವಿರೋಧಿಸಿದೆ. ಗದ್ದಲದಲ್ಲಿ ಕಲಿತ ವಿದ್ಯೆ ಗಟ್ಟಿಯಾಗುತ್ತದೆ ಎಂದೆ, ಕಬ್ಬಿನ ಹೊಲದಲ್ಲಿ ಹಾವುಗಳಿರುತ್ತವೆ ಎಂದೆ, ಬೆಂಚಿನ ನಡುಕದಿಂದ ಮಕ್ಕಳ ರಕ್ತಸಂಚಾರ ಚೆನ್ನಾಗಿ ಆಗುತ್ತದೆ ಎಂದೂ ಹೇಳಿದ ನೆನಪು. ಸಂಗಪ್ಪಣ್ಣ ನನ್ನನ್ನು ಒಂದು ಗಳಿಗೆ ನೋಡಿ, ಬೆಂಚು ಸಾಗಿಸಲು ಟ್ರ್ಯಾಕ್ಟರಿಗೆ ಹೇಳಿಕಳಿಸಿದರು. ಮುಂದಿನ ಸೋಮವಾರ ಕಾಲೇಜು ಅಲ್ಲಿಗೆ ಹೋಯಿತು.

ಮೊದಲ ದಿನವೇ ನನ್ನ ಬಣ್ಣ ಬಯಲಾಯಿತು. ಮಗ್ಗವಿಲ್ಲದ ಕೋಣೆಯಲ್ಲಿ ಮಕ್ಕಳು ಎಲ್ಲ ಮಕ್ಕಳಂತೆ ಪುಸ್ತಕಕ್ಕೆ ಮುಖ ಹಾಕಿಕೊಂಡೇ ಮಾತಾಡಿದರು. ಮುಧೋಳದ ಹುಡುಗ ಏನೋ ಕೇಳಿದ. ಒಳ್ಳೆಯ ಪ್ರಶ್ನೆ, ಮನೆಯಲ್ಲಿ ಯೋಚಿಸಿ ಬಾ ಎಂದೆ. ಬೀಳಗಿಯ ಹುಡುಗಿ ಏನೋ ಕೇಳಿದಳು, ಅವಳಿಗೂ ಅದೇ ಉತ್ತರ. ನಾಲ್ಕನೆಯ ಸಲ ಅದನ್ನೇ ಹೇಳಿದಾಗ ಯಾರೂ ನಗಲಿಲ್ಲ. ಮುಧೋಳದ ಹುಡುಗ ಕೇಳಿದ್ದು ಹೊರಗೆ ಹೋಗಲು ಅಪ್ಪಣೆಯಂತೆ. ಸವಿತಾ ನನ್ನ ಕಿವಿಯನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಅಳು ಬಂದಿತ್ತೆಂದು ಹೇಳಲು ಈಗ ನಾಚಿಕೆಯಿಲ್ಲ. ಮೂವತ್ತು ವರ್ಷ ಪಾಠ ಹೇಳಿದ್ದರೂ ಇಂಥ ಮಕ್ಕಳು ನನಗೆ ಸಿಕ್ಕಿರಲಿಲ್ಲ, ಅವರನ್ನು ಬಿಟ್ಟು ಮತ್ತೆ ಕಟ್ಟೆಯ ಮೇಲೆ ಕೂರುವುದು ಬೇಕಿರಲಿಲ್ಲ. ಆದರೆ ಅವರ ಮಾತು ಕೇಳಿಸದವನು ಅವರ ಮೇಷ್ಟ್ರಾಗಿರುವುದೂ ನ್ಯಾಯವಲ್ಲ. ರಾಜೀನಾಮೆ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ಮರುದಿನ, ಪಾಠ ಮುಗಿಸಿ ಅದನ್ನು ಕೊಟ್ಟರಾಯಿತು ಎಂದು ತರಗತಿಗೆ ಹೋದೆ. ಸವಿತಾ ಎದ್ದು ನಿಂತಳು. ಬಾಯಿ ಅಗಲಿಸಿ, ತುಟಿ ತಿರುವಿ, ಕೈಯಾಡಿಸಿ, ಮಗ್ಗದ ಮೇಲೆ ಕೇಳುತ್ತಿದ್ದಂತೆಯೇ ಪ್ರಶ್ನೆ ಕೇಳಿದಳು. ಒಂದಕ್ಷರವೂ ಬಿಡದೆ ನನಗೆ ತಿಳಿಯಿತು. ಆಮೇಲೆ ಮುಧೋಳದ ಹುಡುಗ ಎದ್ದ, ಅವನದೂ ಹಾಗೆಯೇ. ಬೀಳಗಿಯ ಹುಡುಗಿಯಂತೂ ಹಲ್ಲಿನ ಡಾಕ್ಟರಿಗೆ ತೋರಿಸುವಷ್ಟು ಬಾಯಿ ತೆರೆದಿದ್ದಳು. ಸೂಜಿ ಬಿದ್ದರೂ ಕೇಳಿಸುವ ಆ ಕೋಣೆಯಲ್ಲಿ ಇಪ್ಪತ್ತೆರಡು ಮಕ್ಕಳು ಕೆಳಗೆ ಇಲ್ಲದ ಮಗ್ಗಗಳ ಗದ್ದಲವನ್ನು ಮೀರಿ ನನ್ನೊಡನೆ ಮಾತಾಡಿದರು. ಅಷ್ಟರಲ್ಲಿ ಸಂಗಪ್ಪಣ್ಣ ಬಾಗಿಲಿಗೆ ಬಂದು ನಿಂತಿದ್ದರು. ಇದೇನು ಅವತಾರ, ಈಗ ಮಗ್ಗ ಇಲ್ಲವಲ್ಲ ಎಂದು ಅವರು ಕೈಸನ್ನೆ ಮಾಡಿ ಕೇಳಿದರು. ನಾನು ಜೇಬಿನ ರಾಜೀನಾಮೆಗೆ ಕೈ ಹಾಕಿದೆ. ಸವಿತಾ ನನಗೂ ತುಟಿ ಕಾಣುವಂತೆ ಅವರತ್ತ ತಿರುಗಿದಳು.

"ಎರಡು ವರ್ಷ ಮಗ್ಗದ ಮ್ಯಾಲ ಕಲ್ತೀವಲ್ರಿ ಅಣ್ಣಾರ. ಬಾಯಿಗೆ ರೂಢಿ ಬಿದ್ದೈತಿ, ಲಗೂನ ಬಿಡಂಗಿಲ್ರಿ."

ಸಂಗಪ್ಪಣ್ಣ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವರೂ ಮಗ್ಗದ ಮನೆಯವರೇ ಅಲ್ಲವೇ. ನನ್ನ ಕಡೆಗೆ ನೇರವಾಗಿ ಮುಖ ಮಾಡಿ, ತುಟಿಗಳನ್ನು ನಿಧಾನವಾಗಿ ಆಡಿಸಿದರು.

"ಪಾಠ ಛಲೋ ನಡದೈತ್ರಿ ಸರ್. ಹಿಂಗ ನಡೀಲಿ."

ರಾಜೀನಾಮೆ ಜೇಬಿನಲ್ಲೇ ಉಳಿಯಿತು. ಆ ವಾರ ಅಂಗಿಯ ಜೊತೆ ಅದೂ ಒಗೆತಕ್ಕೆ ಹೋಗಿ ಹಿಟ್ಟಾಯಿತು.

ಕೆಲವು ತಿಂಗಳ ನಂತರ ಸುಮತಿ ನನ್ನನ್ನು ಬೆಳಗಾವಿಗೆ ಎಳೆದೊಯ್ದು ಕಿವಿಗೆ ಯಂತ್ರ ಹಾಕಿಸಿದಳು. ಮಕ್ಕಳ ಬಾಯಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ನಾನೂ ಒಪ್ಪಿದೆ, ಈ ಸಲ ಕೇಳಿಸಿಕೊಂಡೇ ಹೂಂ ಎಂದಿದ್ದೆ. ಯಂತ್ರ ಕಾಣದಂತೆ ಟೋಪಿ ಹಾಕಿಕೊಂಡು ತರಗತಿಗೆ ಹೋದೆ. ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸಿತು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಕೇಳಿಸಿತು. ಪಾಠ ಶುರು ಮಾಡಿದಾಗ ನನ್ನ ದನಿಯೂ ಕೇಳಿಸಿತು. ಈ ಮನುಷ್ಯ ಇಷ್ಟು ವರ್ಷ ಹೀಗೆ ಚೀರುತ್ತಿದ್ದನೇ ಎಂದು ಗಾಬರಿಯಾಗಿ ದನಿ ತಗ್ಗಿಸಿದೆ. ಸವಿತಾ ಪ್ರಶ್ನೆ ಕೇಳಲು ಎದ್ದಳು. ಅವಳ ದನಿ ಹೇಗಿದೆ ಎಂದು ಮೊದಲ ಸಲ ಕೇಳುವವನಿದ್ದೆ, ಕುತೂಹಲದಿಂದ ಕುತ್ತಿಗೆ ಮುಂದೆ ಚಾಚಿದೆ. ಅವಳ ತುಟಿಗಳು ಆಡಿದವು, ಏನೂ ಕೇಳಿಸಲಿಲ್ಲ. ಯಂತ್ರದ ಸೆಲ್ಲು ಮುಗಿಯಿತೆಂದು ಬೆರಳಿನಿಂದ ತಟ್ಟಿದೆ. ಫ್ಯಾನು ಕೇಳಿಸುತ್ತಿತ್ತು. ಮೇಜಿನಿಂದ ಸೀಮೆಸುಣ್ಣ ಉರುಳಿ ಬಿದ್ದದ್ದೂ ಸ್ಪಷ್ಟವಾಗಿ ಕೇಳಿಸಿತು. ಆಗ ಗೊತ್ತಾಯಿತು. ಹೇಗಿದ್ದರೂ ನನಗೆ ಮುಟ್ಟದ ದನಿಯನ್ನು ಆ ಮಕ್ಕಳು ಎಂದೋ ಬಿಟ್ಟುಬಿಟ್ಟಿದ್ದರು. ಇಷ್ಟು ತಿಂಗಳು ನನ್ನ ತರಗತಿಯಲ್ಲಿ ನನ್ನ ಕೂಗಾಟವೊಂದನ್ನು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ನನಗೆ ತಿಳಿಯಲಿಲ್ಲವೆಂದು ಭಾವಿಸಿ ಸವಿತಾ ಬಾಯಿಯನ್ನು ಇನ್ನಷ್ಟು ಅಗಲಿಸಿ ಮತ್ತೊಮ್ಮೆ ಕೇಳಿದಳು. ಪ್ರಶ್ನೆ ಬಹಳ ಸುಲಭದ್ದು. ನಾನೂ ದನಿಯನ್ನು ಬದಿಗಿಟ್ಟೆ. ಬರಿ ತುಟಿ ಆಡಿಸಿ ಉತ್ತರ ಹೇಳಿದೆ. ಇಪ್ಪತ್ತೆರಡು ಮಂದಿಯೂ ತಲೆಬಗ್ಗಿಸಿ ಬರೆದುಕೊಂಡರು.