ಟ್ಯೂನ್ ಔಟ್ ಕಲಿಸಿದವನ ಸೋಮವಾರ

ಮಸ್ಕಿಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ನಾನು, ಕಲಿಸಿದ್ದನ್ನು ಬಾಳಿ ತೋರಿಸುವ ಮಹಾಪುರುಷ. ಮೊನ್ನೆ ಪಾಠದಲ್ಲಿ 'ಟ್ಯೂನ್ ಔಟ್' ಬಂತು. "ಕಿವಿಗೆ ಬಿದ್ದದ್ದನ್ನ ತಲಿಯಾಗ ಬಿಟ್ಕೋಬಾರ್ದು, ಅದ ಟ್ಯೂನ್ ಔಟ್. ಟಿವಿ ಸಪ್ಪಳ ಟ್ಯೂನ್ ಔಟ್ ಮಾಡಿ ಓದ್ರಿ" ಎಂದು ಮಕ್ಕಳಿಗೆ ಹೇಳಿ, ಅಂದು ರಾತ್ರಿಯೇ ಮನೆಯಲ್ಲಿ ಪ್ರಯೋಗಕ್ಕಿಳಿದೆ. ಹೆಂಡತಿ ಶೈಲಜಾ ಮಾತಾಡುತ್ತಲೇ ಇದ್ದಳು. ನಾನು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ, ಆಕೆ ಉಸಿರು ತೆಗೆದುಕೊಂಡಲ್ಲೆಲ್ಲ "ಹೂಂ" ಎಂದೆ. ಸಂಸಾರ ಇಷ್ಟು ಸುಲಭವೆಂದು ಗೊತ್ತೇ ಇರಲಿಲ್ಲ!

ಮರುದಿನ ಶ್ರಾವಣದ ಕೊನೆಯ ಸೋಮವಾರ. ಮಧ್ಯಾಹ್ನ ಮನೆಗೆ ಬಂದರೆ ಹೋಳಿಗೆಯ ಘಮ. ಅವ್ವ ಶೇಖರಮ್ಮ ಬಾಗಿಲಲ್ಲೇ ಕೂತಿದ್ದಳು.

"ಕರಿಬಸಯ್ಯನವರು ಇನ್ನೂ ಬಂದಿಲ್ಲಪಾ. ಅವರ ಪ್ರಸಾದ ಆಗೂತನಕ ನೀರೂ ಕುಡಿಯಂಗಿಲ್ಲ ಅಂತ ಶೈಲಜಾ ಕುಂತಾಳ. ನೀ ಹೇಳಿ ಬಂದೀ ಇಲ್ಲೋ?"

"ಅಯ್ಯನವರಿಗೆ ಊಟಕ್ಕ ಹೇಳಿ ಬರ್ರಿ" ಎಂದು ರಾತ್ರಿ ಶೈಲಜಾ ಅಂದದ್ದು, ನಾನು ಹೂಂಗುಟ್ಟಿದ್ದು ನೆನಪಾಯಿತು. ಆಮೇಲಿನ ಮಾತು ನೆನಪಾಗಲಿಲ್ಲ. ಆಗ ವಿಕೆಟ್ ಬಿದ್ದಿತ್ತು. ಅವ್ವ ಆಸ್ಪತ್ರೆಯಿಂದ ಎದ್ದು ಬಂದರೆ ಶ್ರಾವಣ ಸೋಮವಾರ ಜಂಗಮರೊಬ್ಬರಿಗೆ ಉಣಬಡಿಸಿಯೇ ಉಣ್ಣುವೆನೆಂದು ಶೈಲಜಾ ಹೊತ್ತ ಹರಕೆ ಇದು. ಅದು ನನ್ನಿಂದ ತಪ್ಪುವುದರಲ್ಲಿತ್ತು. ಒಳಗೆ ಹೋಗಿ ಮುಖ ತೋರಿಸಲು ಧೈರ್ಯವಾಗದೆ ಬೈಕ್ ಹತ್ತಿದೆ.

ಕರಿಬಸಯ್ಯನವರ ಮನೆಗೆ ಬೀಗ. "ಯಾರದೋ ಮನಿಗೆ ಪ್ರಸಾದಕ್ಕ ಹೋಗ್ಯಾರ್ರೀ" ಎಂದಳು ಪಕ್ಕದ ಮನೆಯ ಪಕೀರಮ್ಮ. ನಮ್ಮ ಅಯ್ಯನವರನ್ನು ಯಾರೋ ಹಾರಿಸಿಕೊಂಡು ಹೋಗಿದ್ದರು! ಬಿಸಿಲಲ್ಲಿ ಲಿಂಗಸುಗೂರಿಗೆ ಓಡಿ, ಅಲ್ಲಿದ್ದ ನನ್ನ ಹಳೆಯ ಗೆಳೆಯ, ಜಂಗಮನೇ ಆದ ವಿರೇಶಯ್ಯನ ಕೈಕಾಲು ಹಿಡಿದು, ಹಿಂದೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅದನ್ನೂ ಟ್ಯೂನ್ ಔಟ್ ಮಾಡಿದೆ.

ಮನೆಯಲ್ಲಿ ಕರಿಬಸಯ್ಯನವರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವ್ವ, ಶೈಲಜಾ ಆಗಲೇ ಉಂಡು ಎದ್ದಿದ್ದರು.

"ಇವರಿಗೆ ಹೇಳಿದ್ಯಾರು?" ಎಂದೆ.

"ನಾನ. 'ನೀವು ಮರೀತೀರಿ, ಬ್ಯಾಡ ಬಿಡ್ರಿ, ನಾನ ಫೋನ್ ಹಚ್ಚತೀನಿ' ಅಂತ ರಾತ್ರಿ ಹೇಳಿದ್ನಲ್ರೀ. ಅದಕ್ಕೂ ಹೂಂ ಅಂದ್ರಿ."

ಹರಕೆ ತಪ್ಪಲಿಲ್ಲವೆಂದು ಜೀವ ಹಗುರಾಯಿತು. ಬಂದ ಅಯ್ಯನವರನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಶೈಲಜಾ ವಿರೇಶಯ್ಯನಿಗೆ ಕೈಮುಗಿದು ಕೂರಿಸಿ, ಮುಚ್ಚಿಟ್ಟಿದ್ದ ಒಬ್ಬರ ಊಟವನ್ನು ಪೂರ್ತಿ ಬಡಿಸಿದಳು. ಕೊನೆಯ ಹೋಳಿಗೆಯೂ ಅವನ ತಟ್ಟೆಗಿಳಿಯಿತು.

"ಶೈಲಜಾ, ಅದು ನನ್ನ ಪಾಲಿಂದಲ್ಲೇನು? ಮುಂಜಾನಿಂದ ಏನೂ ತಿಂದಿಲ್ಲ ನಾ."

ಆಕೆ ವಿರೇಶಯ್ಯನ ಹೋಳಿಗೆಯ ಮೇಲೆ ತುಪ್ಪ ಹಾಕುತ್ತ, ನನ್ನ ಕಡೆ ತಿರುಗದೆಯೇ ಅಂದಳು:

"ಹೂಂ."