ಹತ್ತನೆಯ ಸಹಿ

ಚುನಾವಣೆಯಲ್ಲಿ ಗೆಲ್ಲಲು ಒದ್ದಾಡಿದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸೋಲಲು ಒದ್ದಾಡಿದವರನ್ನು ನೋಡಬೇಕೆಂದರೆ ನಮ್ಮ ಭಾವನನ್ನೇ ನೋಡಬೇಕು. ಸೋಲುವುದೇನು ಸುಲಭವೇ? ಅದಕ್ಕೂ ಮೊದಲು ಮತಪತ್ರದಲ್ಲಿ ಹೆಸರು ಬರಬೇಕಲ್ಲ!

ಭಾವ ಎಂದರೆ ನನ್ನ ಗಂಡನ ಅಣ್ಣ. ಗದಗಿನವರು, ಮದುವೆಯಾಗದವರು. ಸಿಂಗಪುರದ ಟೋವಾ ಪಾಯೋದಲ್ಲಿ ನಮ್ಮ ಪಕ್ಕದ ಬ್ಲಾಕಿನಲ್ಲೇ ವಾಸ. ಒನ್-ನಾರ್ತ್‌ನ ಒಂದು ಕಂಪನಿಯಲ್ಲಿ ದಿನವಿಡೀ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಸಂಜೆ ಅದೇ ಕನ್ನಡಕದಲ್ಲಿ ನಮ್ಮ ಕನ್ನಡ ಬಳಗವನ್ನು ನೋಡುತ್ತಿದ್ದರು. ಬಳಗಕ್ಕೆ ಅದು ಹೇಗೆ ಹಿಡಿಸೀತು?

ಬಳಗದ ಪದ್ಧತಿ ಬಹಳ ಸರಳ. ಮುಂದಿನ ಅಧ್ಯಕ್ಷರು ಯಾರೆಂಬುದು ಯಾರದೋ ದುಬಾರಿ ಕಾಂಡೊ ಫ್ಲ್ಯಾಟಿನಲ್ಲಿ, ಬಿಸಿಬೇಳೆಬಾತಿಗೆ ಬೂಂದಿ ಉದುರಿಸುವಾಗ ತೀರ್ಮಾನವಾಗಿಬಿಡುತ್ತಿತ್ತು. ವಾರ್ಷಿಕ ಸಭೆಯಲ್ಲಿ ಒಂದು ಚಪ್ಪಾಳೆ, ಅವಿರೋಧ ಆಯ್ಕೆ, ಆಮೇಲೆ ಕಾಫಿ. ಆ ಊಟಕ್ಕೆ ಕರೆಸಿಕೊಳ್ಳದವರು ನಿಲ್ಲಬಾರದು ಎಂದೇನಿಲ್ಲ, ಧಾರಾಳವಾಗಿ ನಿಲ್ಲಬಹುದು. ಹತ್ತು ಸದಸ್ಯರ ಸಹಿ ತಂದರೆ ಸಾಕು. ಆದರೆ ಒಬ್ಬ ಸದಸ್ಯ ಒಂದೇ ಅರ್ಜಿಗೆ ಸಹಿ ಹಾಕಬೇಕು, ಮತ್ತು ಊಟದ ದಿನವೇ ಅಲ್ಲಿ ಆರಿಸಿದವರ ಅರ್ಜಿಗೆ ಮುಕ್ಕಾಲು ಬಳಗದ ಸಹಿ ಬಿದ್ದು ಹೋಗಿರುತ್ತಿತ್ತು.

"ಒಂದs ಹೆಸರಿದ್ರ ಅದು ಎಲೆಕ್ಷನ್ ಅಲ್ಲವ್ವ, ಹಾಜರಿ," ಎಂದು ಭಾವ ನನ್ನ ಮುಂದೆ ಗುಡುಗುತ್ತಿದ್ದರು.

ಮೊದಲ ವರ್ಷ ಹದಿನಾಲ್ಕು ಪುಟದ ಪ್ರಣಾಳಿಕೆ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತರು. ಅಪರಿಚಿತರೆದುರು ಅವರ ಗದಗಿನ ಮಾತು ಮಾಯವಾಗಿ ಬೆಂಗಳೂರಿನ ಕನ್ನಡ ಬರುತ್ತಿತ್ತು. ಮೈಸೂರಿನವರೊಬ್ಬರು ಪಾಪ, "ಕೊಡಿ ಸರ್, ಸೈನ್ ಮಾಡ್ತೀನಿ, ಬಸ್ ಬಂತು" ಎಂದು ಕೈ ಚಾಚಿದರು.

"ಫಸ್ಟು ಓದಿ ಸರ್. ಓದದೆ ಸೈನ್ ಮಾಡೋದಾದ್ರೆ ನಂಗೆ ಬೇಡ."

ಬಸ್ ಹೋಯಿತು, ಅದರಲ್ಲಿ ಸಹಿಯೂ ಹೋಯಿತು. ಆ ವರ್ಷ ಬಿದ್ದದ್ದು ಮೂರೇ ಸಹಿ.

ಎರಡನೆಯ ವರ್ಷ ಬ್ಲಾಕಿನ ಕೆಳಗೆ, ಎಲ್ಲರೂ ಓಡಾಡುವ ವಾಯ್ಡ್ ಡೆಕ್ಕಿನಲ್ಲಿ, ಲಿಫ್ಟಿನ ಪಕ್ಕ ಮೇಜು ಹಾಕಿಕೊಂಡು ಕೂತರು. ಕೆಟ್ಟು ನಿಂತ ಲಿಫ್ಟಿನ ಬಗ್ಗೆ ಮನವಿ ಇರಬೇಕೆಂದು ಆರನೆಯ ಮಹಡಿಯ ಚೈನೀಸ್ ಆಂಟಿ ಬಂದು ಪೆನ್ನು ಕೇಳಿದರು. ಭಾವ ಅವರಿಗೆ ನಮ್ಮ ಬಳಗದ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದರು. ಆಕೆ ಪೂರ್ತಿ ಕೇಳಿದರು! ಕನ್ನಡಿಗರಲ್ಲಿ ಹಾಗೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸಂತೋಷ ತಡೆಯಲಾರದೆ ಭಾವ ಅದೇ ಮೇಜಿನಲ್ಲಿ ಲಿಫ್ಟಿನ ಮನವಿಯನ್ನೂ ಬರೆದುಕೊಟ್ಟರು. ಅದಕ್ಕೆ ಒಂದೇ ಸಂಜೆಯಲ್ಲಿ ಎಪ್ಪತ್ತು ಸಹಿ ಬಿತ್ತು, ಲಿಫ್ಟ್ ರಿಪೇರಿಯಾಯಿತು. ಭಾವನ ಅರ್ಜಿ ಐದಕ್ಕೇ ನಿಂತಿತು.

ಮೂರನೆಯ ವರ್ಷ ಎಂಟಕ್ಕೆ ಏರಿದ್ದರು. ಅಷ್ಟರಲ್ಲಿ ಹೊಸದಾಗಿ ಬಂದ ಒಬ್ಬಾತನೂ ನಿಲ್ಲುತ್ತೇನೆಂದ. ಆತನಿಗೆ ಮೂರು ಸಹಿ ಕಡಿಮೆ. ಭಾವ ತಮ್ಮ ಅರ್ಜಿಯನ್ನು ಹರಿದುಹಾಕಿ, ತಮ್ಮವರಲ್ಲಿ ಮೂವರನ್ನು ಆತನ ಕಡೆಗೆ ಕಳಿಸಿಕೊಟ್ಟರು. ಯಾರಾದರೊಬ್ಬರು ನಿಂತರೆ ಸಾಕಲ್ಲ ಎಂಬುದು ಅವರ ಲೆಕ್ಕಾಚಾರ. ಮರುವಾರ ಬಳಗದವರು ಆತನನ್ನು ಕಾಂಡೊ ಊಟಕ್ಕೆ ಕರೆದರು. ಪಾಯಸ ಮುಗಿಯುವ ಹೊತ್ತಿಗೆ ಆತ ಜಂಟಿ ಕಾರ್ಯದರ್ಶಿಯಾಗಿದ್ದ.

ಇದೆಲ್ಲದರಿಂದ ಹೆಚ್ಚು ಪೇಚಿಗೆ ಸಿಕ್ಕಿದ್ದು ನನ್ನ ಗಂಡ. ಆತ ಊಟದ ಕಡೆಯವನು, ಬಳಗದ ಖಜಾಂಚಿ. "ಅಣ್ಣಾ, ಕಮಿಟ್ಯಾಗ ಬರೂದಿದ್ರ ಹೇಳು, ಊಟಕ್ಕ ಕರಸ್ತೀನಿ" ಎಂದರೆ ಭಾವ, "ಊಟ ನಮ್ಮ ಮನ್ಯಾಗs ಐತಿ" ಎಂದು ಎದ್ದು ಹೋಗುತ್ತಿದ್ದರು. ನನ್ನ ಮಗಳು ಮಾತ್ರ ನೇರ. "ದೊಡ್ಡಪ್ಪ, ಯೂ ಕೆನಾಟ್ ವಿನ್ ಲಾ" ಎಂದಳು. "ಗೆಲ್ಲೂದು ಯಾರಿಗೆ ಬೇಕಾಗೇತಿ ಪುಟ್ಟಿ? ನನ್ನ ಹೆಸರು ಅಚ್ಚಾದ್ರ ಸಾಕು" ಎಂದರು.

ನಾಲ್ಕನೆಯ ವರ್ಷ ಅವರ ಕಂಪನಿ ವರ್ಕ್ ಪಾಸ್ ನವೀಕರಿಸುವುದಿಲ್ಲವೆಂದಿತು. ಜೂನ್‌ನಲ್ಲಿ ಗದಗಿಗೆ ವಾಪಸ್. ಹೆಸರು ಅಚ್ಚಾದರೆ ಈ ಸಲವೇ, ಇಲ್ಲದಿದ್ದರೆ ಇನ್ನಿಲ್ಲ. ಪ್ರಣಾಳಿಕೆ ಹದಿನಾಲ್ಕು ಪುಟದಿಂದ ಒಂದಕ್ಕೆ ಇಳಿಯಿತು. ಪಾಸಿರ್ ರಿಸ್ ಸಮುದ್ರದಂಡೆಯಲ್ಲಿ ವಾಕಿಂಗ್ ಬರುವವರನ್ನೆಲ್ಲ ಹಿಡಿದು, ಕೊನೆಯ ದಿನ ಹತ್ತು ಸಹಿ ತುಂಬಿಸಿ ಬಳಗದ ಬಾಡಿಗೆ ಕೋಣೆಗೆ ಬಂದೇಬಿಟ್ಟರು. ಗಡುವಿಗೆ ಇನ್ನು ಇಪ್ಪತ್ತು ನಿಮಿಷವಿತ್ತು.

ಚುನಾವಣಾಧಿಕಾರಿ ಅಂಕಲ್ ಸದಸ್ಯರ ಪಟ್ಟಿಯ ಮೇಲೆ ಬೆರಳಾಡಿಸಿದರು. "ಸರ್, ಒಂಬತ್ತನೇ ಹೆಸರು ಲಿಸ್ಟಲ್ಲೇ ಇಲ್ಲ."

ಆ ಒಂಬತ್ತನೆಯವರು ಹೊಸೂರಿನವರು. ಅಚ್ಚ ಕನ್ನಡ ಮಾತಾಡುವ ತಮಿಳರು! ಅಷ್ಟು ಚೆಂದ ಕನ್ನಡ ಆಡುವವರು ಬಳಗದ ಸದಸ್ಯರೇ ಇರಬೇಕೆಂದು ಭಾವ ನಂಬಿಬಿಟ್ಟಿದ್ದರು. ಜೀವಮಾನವಿಡೀ ತಪ್ಪು ಹುಡುಕಿದ ಮನುಷ್ಯ ಅದೊಂದನ್ನು ಪರೀಕ್ಷಿಸಿರಲಿಲ್ಲ.

ಭಾವ ಇಬ್ಬರಿಗೆ ಫೋನ್ ಮಾಡಿದರು. ಒಬ್ಬರು ಗಡಿಯಾಚೆ ಜೊಹೊರ್‌ಗೆ ಹೋಗಿದ್ದರು, ಇನ್ನೊಬ್ಬರು ಎತ್ತಲಿಲ್ಲ. ನಾನು ಅಲ್ಲೇ ಕಾಫಿ ಫ್ಲಾಸ್ಕಿನ ಪಕ್ಕ ನಿಂತಿದ್ದೆ. ಊಟದ ದಿನ ಮಗಳಿಗೆ ಜ್ವರವೆಂದು ಹೋಗಿರಲಿಲ್ಲ, ನನ್ನ ಸಹಿ ಎಲ್ಲೂ ಬಿದ್ದಿರಲಿಲ್ಲ. ಅದು ಭಾವನಿಗೂ ಗೊತ್ತು. ಆದರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನನಗೆ ಸಿಟ್ಟೇ ಬಂತು.

"ನನ್ನನ್ನ ಯಾಕೆ ಕೇಳಲ್ಲ ಭಾವ? ನಾಲ್ಕು ವರ್ಷದಲ್ಲಿ ಒಂದು ಸಲಾನೂ ಕೇಳಿಲ್ಲ ನೀವು."

ಅವರು ದನಿ ತಗ್ಗಿಸಿದರು. "ನಾ ಜೂನ್‌ದಾಗ ಹೋಗಾಂವ. ನೀ ಇಲ್ಲೇ ಇರಾಕಿ. ಈ ಮಂದಿ ನಡುವ ನಿಮ್ಮ ಸಂಸಾರ ನಡೀಬೇಕು. ನಂದೊಂದು ಹುಚ್ಚಿಗೆ ನಿನಗ್ಯಾಕವ್ವ ತ್ರಾಸು?"

ಈ ಮನುಷ್ಯನನ್ನು ನೆನೆದು ನಾವು ಎಷ್ಟು ರಾತ್ರಿ ಊಟದ ಮುಂದೆ ಕೂತು ನಕ್ಕಿದ್ದೆವು! ಖಜಾಂಚಿಯಾಗಿ ಅಂಕಲ್ ಪಕ್ಕದಲ್ಲೇ ಕೂತಿದ್ದ ನನ್ನ ಗಂಡನ ಜೇಬಿನಿಂದ ಪೆನ್ನು ಎಳೆದುಕೊಂಡು ಸಹಿ ಹಾಕಿದೆ. ಗಂಡನ ಮುಖ ನೋಡುವ ಧೈರ್ಯವಾಗಲಿಲ್ಲ.

ಮುಂದಿನ ತಿಂಗಳು ಭಾವ ಚೆನ್ನಾಗಿಯೇ ಸೋತರು, ಅದೇನು ದೊಡ್ಡ ಸುದ್ದಿಯಲ್ಲ. ನನಗೆ ಮರೆಯಲಾಗದ್ದು ಆ ಸಂಜೆಯ ಮಾತು. ಅಂಕಲ್ ಅರ್ಜಿ ತೆಗೆದುಕೊಳ್ಳಲು ಕೈ ಚಾಚಿದಾಗ ನನ್ನ ಗಂಡ ಅದನ್ನು ತಡೆದು, ಕಾಗದವನ್ನು ನನ್ನ ಕಡೆಗೇ ಮತ್ತೆ ಸರಿಸಿದ.

"ತಾರೀಖು ಹಾಕಿಲ್ಲ ನೀನು," ಎಂದ. "ಹಾಕು. ಇಲ್ಲಾಂದ್ರೆ ನಮ್ಮಣ್ಣನ ಫಾರ್ಮ್ ರಿಜೆಕ್ಟ್ ಆಗತ್ತೆ."