ಹಾಲಿನ ಸೈಕಲ್ಲಿನ ಹಿಂದೆ

ಅಣ್ಣ ತೀರಿಕೊಳ್ಳುವ ಹಿಂದಿನ ದಿನವೂ ನಾನು ಅವನ ಹಾಲಿನ ಸೈಕಲ್ಲಿನ ಹಿಂದೆ ಓಡಿದ್ದೆ. ವಿಶೇಷವೇನೂ ನಡೆಯಲಿಲ್ಲ. ಅವನು ಪಾಂಡವಪುರದ ಹೋಟೆಲುಗಳಿಗೆ ಹಾಲು ಹಾಕಿ, ಖಾಲಿ ಕ್ಯಾನುಗಳನ್ನು ಗಲಗಲ ಎನ್ನಿಸುತ್ತಾ ಕ್ಯಾತನಹಳ್ಳಿಗೆ ಹಿಂತಿರುಗುತ್ತಿದ್ದ. ನಾನು ಏದುಸಿರು ಬಿಡುತ್ತಾ, ಎದೆ ಇನ್ನೂ ಬಡಿಯುತ್ತಿದೆಯೇ ಎಂದು ಆಗಾಗ ಕೈಯಿಟ್ಟು ನೋಡಿಕೊಳ್ಳುತ್ತಿದ್ದೆ. "ಅಣ್ಣಾ, ಇನ್ನೆಷ್ಟು ದೂರ?" ಎಂದರೆ, "ಇನ್ನೊಂದ್ ಫರ್ಲಾಂಗು ಕಣ್ಲಾ, ಬಾ" ಎನ್ನುತ್ತಿದ್ದ. ಹುಟ್ಟಿ ಬೆಳೆದ ಊರಿನ ರಸ್ತೆ. ಅದರ ಒಂದೊಂದು ಹುಣಸೆಮರವೂ ನನಗೆ ಗೊತ್ತು. ಆದರೂ ಆ ಸುಳ್ಳನ್ನು ನಂಬಿಕೊಂಡು ದಿನವೂ ಎರಡು ಮೈಲಿ ಓಡಿಬಿಡುತ್ತಿದ್ದೆ.

ಓಟಗಾರನಾಗುವ ಆಸೆ ನನ್ನದಾಗಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೂತು ಕೂತು ಹೊಟ್ಟೆ ಮೇಜಿಗೆ ತಾಗತೊಡಗಿದಾಗ ಡಾಕ್ಟರು ನಡೆಯಲು ಹೇಳಿದರು. ಅಣ್ಣ ಅದನ್ನು ಓಡಲು ಎಂದು ತಿದ್ದಿ, ಯುವಕ ಸಂಘವೊಂದು ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಏರ್ಪಡಿಸಿದ್ದ ಮ್ಯಾರಥಾನಿಗೆ ನನ್ನ ಹೆಸರು ಬರೆಸಿ ಬಂದ. ನಿಜವಾದ ಮ್ಯಾರಥಾನಿಗೆ ಇಪ್ಪತ್ತಾರು ಮೈಲಿಯಂತೆ. ತೊಂಬತ್ತರ ಆ ದಿನಗಳಲ್ಲಿ ನಮ್ಮ ಕಡೆ, ಬಸ್ಸು ಹತ್ತಿ ಹೋಗಬೇಕಾದ ಊರಿಗೆ ಓಡಿಕೊಂಡು ಹೋದರೆ ಅದೇ ಮ್ಯಾರಥಾನು.

"ದಾರೀಲಿ ನನ್ನ ಎದೆ ನಿಂತುಹೋದರೆ?" ಎಂದು ಕೇಳಿದೆ.

"ನಿನ್ ಎದೆ ನಿಲ್ಲಾಕಿಲ್ಲ ಬುಡ್ಲಾ. ಅದು ಎದ್ರುಕಂಡೇ ಬಡ್ಕತಾ ಇರ್ತದೆ. ರಸ್ತೆ ನೋಡಿದ್ರೆ ತಾನೆ ಬಯ? ರಸ್ತೆ ನೋಡ್ಬ್ಯಾಡ, ಕ್ಯಾನ್ ನೋಡ್ಕಂಡ್ ಓಡು."

ನಿಂತದ್ದು ಅವನ ಎದೆ. ಮಾರನೆಯ ಬೆಳಿಗ್ಗೆ ಹಾಲು ಕರೆಯುತ್ತಾ ಕೂತವನು ಹಾಗೇ ಹಸುವಿಗೆ ಒರಗಿದ. ಹಸು ಅಲುಗಾಡಲಿಲ್ಲವಂತೆ.

ಎರಡು ತಿಂಗಳಿಗೆ ಓಟ ಬಂತು. ಹೋಗುವುದಿಲ್ಲ ಎಂದುಕೊಂಡಿದ್ದೆ. ಅತ್ತಿಗೆ ಬಾಗಿಲಲ್ಲಿ ನಿಂತು, "ಅವ್ರು ಬರ್ಸಿದ್ ಎಸ್ರು ಕಣಪ್ಪಾ. ಕೊನೇಲಾದ್ರೂ ಸರಿ, ಮುಟ್ಟಿ ಬಂದ್ಬುಡು" ಎಂದರು. ಅಲ್ಲಿಗೆ ಮುಗಿಯಿತು. ಬನಿಯನ್ನಿಗೆ ನಂಬರಿನ ಬಟ್ಟೆ ಚುಚ್ಚಿಕೊಂಡು ನಿಂತೆ. ಸುತ್ತಲೂ ಕಬಡ್ಡಿ ಆಡುವ ಹುರಿಗಟ್ಟಿದ ಹುಡುಗರು. ಶೂ ಕಟ್ಟಿದ್ದು ಬಿಗಿಯಾಯಿತೇ, ಸಡಿಲವಾಯಿತೇ, ಬೆಳಿಗ್ಗೆ ತಿಂದ ಇಡ್ಲಿ ಒಂದು ಹೆಚ್ಚಾಯಿತೇ ಎಂದು ಹೆದರುತ್ತಿರುವಾಗಲೇ ಸೀಟಿ ಊದಿದರು. ಅರ್ಧ ಮೈಲಿಯಲ್ಲಿ ಎಲ್ಲರೂ ಮುಂದೆ ಹೋಗಿ ಮರೆಯಾದರು. ರಸ್ತೆಯೊಂದೇ ಉಳಿಯಿತು. ಅದನ್ನು ನೋಡಬಾರದಿತ್ತು, ನೋಡಿದೆ. ಈ ಮರದಡಿ ಕೂತುಬಿಟ್ಟರೆ ಅತ್ತಿಗೆಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದಾಗ ಪಕ್ಕದಲ್ಲೇ ಗಲಗಲ ಎಂದಿತು. ಹಾಲಿನ ಸೈಕಲ್ಲು. ಎರಡು ಖಾಲಿ ಕ್ಯಾನು.

ಮುಂದಿನದು ನನ್ನ ಕೈಯಲ್ಲಿರಲಿಲ್ಲ, ಕಾಲಲ್ಲಿತ್ತು. ಕಣ್ಣು ಕ್ಯಾನಿಗೆ ಅಂಟಿತು, ಉಸಿರು ಹದಕ್ಕೆ ಬಂತು, ಭಯ ಹೋಯಿತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಓಡಿಲ್ಲ. ಸೈಕಲ್ಲು ನಿಂತಿತು, ನಾನೂ ನಿಂತೆ. ತಲೆ ಎತ್ತಿದರೆ ಎದುರಿಗೆ ಯಾರದೋ ಕೊಟ್ಟಿಗೆ. ಎಮ್ಮೆಯೊಂದು ಮೆಲುಕು ಹಾಕುವುದನ್ನು ಬಿಟ್ಟು ನನ್ನ ನಂಬರನ್ನೇ ನೋಡುತ್ತಿತ್ತು.

"ಯಾಕಣ್ಣೋ, ಹಾಲೆಲ್ಲ ಆಗೋಯ್ತಲ್ಲ! ಖಾಲಿ ಕ್ಯಾನ್ ಹಿಂದ್ ಬಂದಿದ್ದೀಯಲ್ಲ?" ಎಂದ ಸೈಕಲ್ಲಿನವನು. ಆಮೇಲೆ ನಂಬರು ನೋಡಿ, "ಅಯ್ಯೋ, ಓಟದೋನಾ? ಅವ್ರೆಲ್ಲ ದೊಡ್ಡ್ ರಸ್ತೇಲಿ ಹೋದ್ರು ಕಣಣ್ಣ!"

"ಶ್ರೀರಂಗಪಟ್ಟಣ ಇನ್ನೆಷ್ಟು ದೂರ?" ಎಂದೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು.

"ದೊಡ್ಡ್ ರಸ್ತೆಯಿಂದ ಐದ್ ಮೈಲಿ ಐತೆ. ಅಲ್ಲಿಗೋಗಾಕೇ ಇನ್ನೊಂದ್ ಮೈಲಿ ಆಯ್ತದೆ."

ನಿಜ ಹೇಳಿದವನ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಅವನು ಕೊಟ್ಟ ಮಜ್ಜಿಗೆ ಕುಡಿದು, ಆರು ಮೈಲಿಯನ್ನೂ ಅಳುತ್ತಾ ಓಡಿದೆ. ಬೆವರೆಂದು ನೋಡಿದವರು ತಿಳಿದಿರಬೇಕು. ಶ್ರೀರಂಗಪಟ್ಟಣದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. "ಎಲ್ಲೋಗಿದ್ರಿ ಸಾ?" ಎಂದು ಕೇಳಿದ ಸಂಘದವನಿಗೆ "ಕೊಟ್ಟಿಗೆಗೆ" ಎಂದೆ. ಅವನು ಉಳಿದಿದ್ದ ಬಾಳೆಹಣ್ಣು ಕೊಟ್ಟ.

ಮುಟ್ಟಿ ಬಂದೆ ಎಂದು ಅತ್ತಿಗೆಗೆ ಹೇಳಿದೆ. ಎಮ್ಮೆಯ ವಿಷಯ ಹೇಳಲಿಲ್ಲ. ಈಗಲೂ ಬೆಳಿಗ್ಗೆ ನಮ್ಮೂರಿನ ಅದೇ ರಸ್ತೆಯಲ್ಲಿ ಓಡುತ್ತೇನೆ. ಹೆದರಿಕೆಯೂ ಜೊತೆಗೆ ಓಡುತ್ತದೆ. ಎಷ್ಟು ದೂರ ಉಳಿದಿದೆಯೆಂದು ಮೈಲಿಗಲ್ಲುಗಳು ಸರಿಯಾಗಿ ಹೇಳುತ್ತವೆ. ಇನ್ನೊಂದೇ ಫರ್ಲಾಂಗು ಎಂದು ಹೇಳುವವರಿಲ್ಲ.